ಗಂಟು

ಕೊಬ್ಬು ಮೇಲೇರಲಿ, ತಾಳು,
ಎಂದು ನನಗೆ ನಾನೇ ಗದರಿಕೊಂಡೆ.
ಹೆಬ್ಬಾತು ಬೆಂದ ಟ್ರೇ ಒಲೆಯ ಮೇಲೆ ಓರೆಯಾಗಿತ್ತು,
ಒಂದು ಮೂಲೆಯ ಕೆಳಗೆ ಮಡಚಿದ ಮಸಿಬಟ್ಟೆ.
ಕಿಟಕಿಯ ಗಾಜಿಗೆಲ್ಲ ಆವಿ. ಅದರಾಚೆ ವಿಟ್ಬಿಯ ಬಂದರು,
ಮೂರೂವರೆಗೇ ಕತ್ತಲಾಗುವ ಕ್ರಿಸ್‌ಮಸ್,
ಚಿಮಣಿಯ ಮೇಲೊಂದು ಕಡಲಹಕ್ಕಿ
ಮಾಂಸದ ವಾಸನೆಗೆ ಬೈಯುತ್ತ ಕೂತಿತ್ತು.

ಅಮ್ಮನಿಗೆ ಗ್ರೇವಿ ಮಾಡಲು ಬರುತ್ತಿರಲಿಲ್ಲ.
ಹೇಳಿಬಿಡುತ್ತೇನೆ, ಸತ್ತವರ ಬಗ್ಗೆ ಸುಳ್ಳೇಕೆ?
ಥೋರಾ ಲೆಡ್ಲಿ, ನಲವತ್ತೊಂಬತ್ತು ಕ್ರಿಸ್‌ಮಸ್ ಅಟ್ಟವಳು,
ಕುದಿವ ಕೊಬ್ಬಿಗೆ ಮುಷ್ಟಿ ಮೈದಾ ಎಸೆದು
ನಲ್ಲಿಯ ತಣ್ಣೀರು ಸುರಿದು
ಆಮೇಲೆ ಸೌಟು ಹುಡುಕುವಳು.
ಅಷ್ಟರಲ್ಲಿ ಗಂಟಾಗಿರುತ್ತಿತ್ತು:
ಬಟಾಣಿಯಷ್ಟು, ಗೋಲಿಯಷ್ಟು, ಒಂದು ವರ್ಷವಂತೂ
ಅಪ್ಪನ ಕೋಟಿನ ಗುಂಡಿಯಷ್ಟು.
"ಗಂಟಿದ್ದರೆ ಗ್ರೇವಿ, ಇಲ್ಲದಿದ್ದರೆ ಬಣ್ಣದ ನೀರು.
ತಿನ್ನಿ, ನಿಮ್ಮಪ್ಪನ ಗಂಟೇನೂ ಹೋಗುವುದಿಲ್ಲ."

ನಾವು ಮೂವರು ಎಣಿಸುತ್ತಿದ್ದೆವು.
ತಟ್ಟೆಯಂಚಿಗೆ ಸಾಲಾಗಿ ಒತ್ತಿಟ್ಟು, ಒಂದು, ಎರಡು, ಏಳು;
ಹೆಚ್ಚು ಸಿಕ್ಕವರಿಗೆ ಕೊನೆಯ ಹುರಿದ ಆಲೂಗಡ್ಡೆ.
ರೋಲ್ಯಾಂಡ್ ಕದಿಯುತ್ತಿದ್ದ. ಕ್ಲಿಫರ್ಡ್ ಉಪ್ಪಿಗೆ ಕೈಚಾಚಿದಾಗ
ಅವನ ತಟ್ಟೆಯಿಂದ, ಫೋರ್ಕಿನ ತುದಿಯಲ್ಲಿ, ಮೆತ್ತಗೆ.
ಗಂಟುಕಳ್ಳ ಎಂದರೆ ನನಗೆ ಇವತ್ತಿಗೂ ಅವನೇ.

ಇವತ್ತು ಅವರಿಬ್ಬರೂ ಪಕ್ಕದ ಕೋಣೆಯಲ್ಲಿದ್ದರು,
ಮೇಜಿನ ಎರಡು ತುದಿಗೆ, ಮುಖ ಗಂಟಿಕ್ಕಿಕೊಂಡು.
ಅಪ್ಪನ ದೋಣಿ ಮಾರಿ ಮೂರು ವರ್ಷ.
ಮಾರಿದವನೊಬ್ಬ, ಬೇಡವೆಂದವನೊಬ್ಬ,
ದುಡ್ಡು ಯಾವತ್ತೋ ಖರ್ಚಾಯಿತು.
ಮಾರ್ಚಿನಲ್ಲಿ ಅಮ್ಮನ ಪೆಟ್ಟಿಗೆಯನ್ನು
ಎಡಕ್ಕೊಬ್ಬ ಬಲಕ್ಕೊಬ್ಬ ಹೊತ್ತರು.
ಹೆಜ್ಜೆ ಕೂಡಿತ್ತು.
ಮಾತು ಕೂಡಲಿಲ್ಲ.

ನಾನು ಪುಸ್ತಕ ನೋಡಿ ಕಲಿತವಳು.
ಎರಡು ಚಮಚ ಕೊಬ್ಬು ಉಳಿಸಿ ಮಿಕ್ಕದ್ದನ್ನು ಜಾಡಿಗೆ ಬಸಿದೆ.
ಮೈದಾದ ಹಸಿ ವಾಸನೆ ಹೋಗಿ
ಇಳಿತದ ಹೊತ್ತಿನ ಮರಳಿನ ಬಣ್ಣಕ್ಕೆ ಬರುವವರೆಗೆ ಹುರಿದೆ.
ಬಾತಿನ ಕತ್ತು, ಗುಂಡಿಗೆ, ಸಿಪ್ಪೆ ಸಮೇತ ಈರುಳ್ಳಿ ಕುದಿಸಿದ ನೀರು,
ಆಲೂಗಡ್ಡೆ ಬಸಿದ ಬೆಳ್ಳನೆಯ ನೀರು,
ಒಂದೊಂದೇ ಸೌಟು, ತಿರುವುತ್ತ, ತಿರುವುತ್ತ,
ತಳ ಹಿಡಿದ ಕರಕಲನ್ನು ಮರದ ಚಮಚದಿಂದ ಎಬ್ಬಿಸುತ್ತ,
ಶಾಲೆಗೆ ಹೊತ್ತಾಯಿತು, ಏಳು, ಎನ್ನುವ ಹಾಗೆ.
ಸೌಟಿನ ಬೆನ್ನ ಮೇಲೆ ಬೆರಳೆಳೆದರೆ ಗೆರೆ ನಿಂತಿತು.
ಬಗ್ಗಿ ನೋಡಿದರೆ ದೀಪ ಕಂಡಿತು, ನನ್ನ ಮೂಗೂ ಕಂಡಿತು.

ಸುರಿದದ್ದು ಅಮ್ಮನ ಪಿಂಗಾಣಿಗೆ,
ದೋಣಿಯಾಕಾರದ್ದು, ಹಿಡಿ ಮುರಿದು ಅಂಟಿಸಿದ್ದು.
ಈ ಮನೆಯಲ್ಲಿ ಉಳಿದಿರುವ ದೋಣಿ ಅದೊಂದೇ.

ಕ್ಲಿಫರ್ಡ್ ಸುರಿದುಕೊಂಡ. ಫೋರ್ಕಿನಿಂದ ಕೆದಕಿದ.
ಇನ್ನೊಮ್ಮೆ ಸುರಿದುಕೊಂಡ, ಮಾಂಸ ಮುಳುಗುವಷ್ಟು.
"ಒಂದೂ ಇಲ್ಲ," ಎಂದ,
ತಟ್ಟೆಗೆ ಹೇಳಿದಂತೆ.

ಆ ತುದಿಯಿಂದ ರೋಲ್ಯಾಂಡ್, ತಲೆಯೆತ್ತದೆ:
"ನಾನು ಕದ್ದಿಲ್ಲ."

ಕ್ಲಿಫರ್ಡನ ಹೆಂಡತಿ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ.
ಸ್ವಲ್ಪ ಹೊತ್ತಿಗೆ ಉಪ್ಪಿನ ಡಬ್ಬಿ
ಆ ತುದಿಯಿಂದ ಈ ತುದಿಗೆ ಬಂತು, ಕೈಯಿಂದ ಕೈಗೆ.
ಯಾರೂ ಕೇಳಿರಲಿಲ್ಲ.
ಆಮೇಲೆ ಮತ್ತೆ ಚಾಕುಗಳ ಸದ್ದೇ.

ಎಲ್ಲರೂ ಹೋದ ಮೇಲೆ ಟ್ರೇ ಉಜ್ಜುವಾಗ
ಮೂಲೆಯ ಮಡಿಕೆಯಲ್ಲಿ ಒಂದು ಸಿಕ್ಕಿತು,
ಬಟಾಣಿಗಿಂತ ಚಿಕ್ಕದು, ನನ್ನ ಕಣ್ಣು ತಪ್ಪಿಸಿಕೊಂಡದ್ದು.
ನಿಂತಲ್ಲೇ ಬಾಯಿಗೆ ಹಾಕಿಕೊಂಡೆ.
ಹೊರಗೆ ಉಪ್ಪು, ಕೊಬ್ಬು, ಕರಕು;
ಕಚ್ಚಿದರೆ ಒಳಗೆ
ನೀರೇ ಸೋಕದ ಬಿಳಿ ಹಿಟ್ಟು.

ಒಂದು, ಎಂದೆ ಗಟ್ಟಿಯಾಗಿ.
ಕೊನೆಯ ಆಲೂಗಡ್ಡೆಯನ್ನು
ಆಗಲೇ ಯಾರೋ ತಿಂದಿದ್ದರು.